ನಾಯಿ ನಾಯಿಯನ್ನು ಕಚ್ಚಿದರೆ ಖರ್ಚು ಯಾರದು?

ಬಾಗಲಕೋಟೆಯ ನವನಗರದಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುವವರಿಗೆ ಈ ಮಾತು ಹೊಸದಲ್ಲ: ‘ಏನೂ ಮಾಡಂಗಿಲ್ರಿ ಅದು, ಹೆದರಬ್ಯಾಡ್ರಿ.’ ಮಾತು ಮುಗಿಯುವುದರೊಳಗೆ ಯಾರದೋ ಪಾಮೇರಿಯನ್ ಅದರ ಬಾಯಲ್ಲಿರುತ್ತದೆ. ಆಮೇಲಿನದೂ ಹೆಚ್ಚುಕಡಿಮೆ ಒಂದೇ ಥರ. ಕೂಗಾಟ, ಓಣಿಯವರೆಲ್ಲ ಹೊರಗೆ, ಕೊನೆಗೆ ಯಾರೋ ಹಿರಿಯರು ನಡುವೆ ಬಂದು ಐನೂರು ರೂಪಾಯಿ ಕೊಡಿಸಿ ‘ಮುಗೀತು ಬಿಡ್ರಿ’ ಅನ್ನುತ್ತಾರೆ. ನಾಲ್ಕನೇ ದಿನ ಗಾಯ ಕೀವಾಗುತ್ತದೆ, ಆಸ್ಪತ್ರೆಯ ಬಿಲ್ ಸಾವಿರಗಳಲ್ಲಿ ಬರುತ್ತದೆ. ಆಗ ಮತ್ತೆ ಕೇಳಲು ಹೋದರೆ ‘ಅವತ್ತ ಮುಗಿಸೀವಲ್ರಿ’ ಎಂಬ ಉತ್ತರ.

ಜಗಳ ಆಡಲು ಬರುವಷ್ಟು ಚೆನ್ನಾಗಿ ನಮ್ಮ ಜನಕ್ಕೆ ಲೆಕ್ಕ ಇಡಲು ಬರುವುದಿಲ್ಲ. ಹಾಗಾಗಿ ಏನನ್ನು ಮೊದಲು ಮಾಡಬೇಕು, ಏನನ್ನು ಆಮೇಲೆ ಮಾಡಬೇಕು ಎಂದು ಇಲ್ಲಿ ಬರೆದಿದ್ದೇನೆ.

1. ಮೊದಲು ಬಿಡಿಸಿ

ಎರಡು ನಾಯಿಗಳ ಬಾಯಿಯ ನಡುವೆ ಕೈ ಹಾಕಬೇಡಿ. ನಿಮ್ಮ ನಾಯಿ ನಿಮ್ಮನ್ನೇ ಕಚ್ಚುತ್ತದೆ, ಆ ಹೊತ್ತಿಗೆ ಅದಕ್ಕೆ ಯಜಮಾನ ಯಾರೆಂದು ಗೊತ್ತಿರುವುದಿಲ್ಲ. ಹಲ್ಲು ಊರಿರುವಾಗ ನಿಮ್ಮ ನಾಯಿಯನ್ನು ಎಳೆಯಲೂ ಬೇಡಿ, ಚರ್ಮ ಹರಿಯುತ್ತದೆ. ಕೊಡದಲ್ಲಿ ನೀರಿದ್ದರೆ ಕಚ್ಚಿದ ನಾಯಿಯ ಮುಖಕ್ಕೆ ಸುರಿಯಿರಿ. ದಪ್ಪ ಚಾದರ ಇದ್ದರೆ ಅದರ ತಲೆ ಮೇಲೆ ಹಾಕಿ. ಇಲ್ಲವಾದರೆ ಹಿಂದಿನಿಂದ ಹೋಗಿ ಅದರ ಎರಡೂ ಹಿಂಗಾಲನ್ನು ತೊಡೆಯ ಹತ್ತಿರ ಹಿಡಿದು ಮೇಲೆತ್ತಿ. ಬಾಯಿ ಬಿಟ್ಟ ಕೂಡಲೇ ಹಿಂದಕ್ಕೆ ಸರಿಯಿರಿ. ಇನ್ನೊಂದು ನಾಯಿಯನ್ನೂ ಅದೇ ಹೊತ್ತಿಗೆ ಯಾರಾದರೂ ಹಿಡಿಯಬೇಕು, ಇಲ್ಲದಿದ್ದರೆ ಅದು ತಿರುಗಿ ಬರುತ್ತದೆ. ಬಡಿಗೆಯಿಂದ ಹೊಡೆದರೆ ಹಿಡಿತ ಇನ್ನೂ ಬಿಗಿಯಾಗುವುದೇ ಜಾಸ್ತಿ.

ಬಿಡಿಸುವಾಗ ನಿಮಗೆ ಹಲ್ಲು ತಾಗಿದ್ದರೆ, ಇಲ್ಲವೇ ತರಚಿದ ಜಾಗಕ್ಕೆ ಜೊಲ್ಲು ತಾಗಿದ್ದರೆ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ಸರ್ಕಾರಿ ಆಸ್ಪತ್ರೆಗೆ ಹೋಗಿ. ರೇಬಿಸ್ ಲಸಿಕೆ ಅಲ್ಲಿ ಉಚಿತ. ನಾಯಿಯ ವಿಚಾರ ಅದಾದ ಮೇಲೆ.

2. ಡಾಕ್ಟರ ಹತ್ತಿರ ಅವತ್ತೇ ಹೋಗಿ

ಎಲ್ಲರೂ ಎಡವುವುದು ಇಲ್ಲಿಯೇ. ಹೊರಗೆ ನೋಡಿದರೆ ಎರಡು ಸಣ್ಣ ತೂತು ಕಾಣುತ್ತವೆ, ಚೂರು ರಕ್ತ. ‘ಇಷ್ಟೇ ಅಲ್ವಾ’ ಅನಿಸುತ್ತದೆ. ನಾಯಿ ಕಚ್ಚಿ ಸುಮ್ಮನೆ ಬಿಡುವುದಿಲ್ಲ, ಹಿಡಿದು ಜಾಡಿಸುತ್ತದೆ. ನಾಯಿಯ ಚರ್ಮ ಸಡಿಲ, ಹಲ್ಲಿನ ಜೊತೆ ಆಚೀಚೆ ಸರಿದಾಡುತ್ತದೆ. ಒಳಗಿನ ಮಾಂಸ ಹಾಗೆ ಸರಿಯುವುದಿಲ್ಲ, ಹರಿಯುತ್ತದೆ. ಆಮೇಲೆ ಚರ್ಮ ತನ್ನ ಜಾಗಕ್ಕೆ ಬಂದು ತೂತು ಮುಚ್ಚಿಕೊಳ್ಳುತ್ತದೆ. ಬಾಯಿಂದ ಹೋದ ಕ್ರಿಮಿಗಳು ಒಳಗೇ ಉಳಿಯುತ್ತವೆ. ಎರಡರಿಂದ ಐದು ದಿನದೊಳಗೆ ಊದಿಕೊಂಡು ಕೀವು ಕಟ್ಟುತ್ತದೆ. ನಮ್ಮ ಬೇಸಿಗೆಯಲ್ಲಿ ನೊಣ ಕುಳಿತರೆ ಹುಳವೂ ಬೀಳುತ್ತದೆ.

ಸಣ್ಣ ನಾಯಿಯನ್ನು ದೊಡ್ಡ ನಾಯಿ ಎದೆಯ ಹತ್ತಿರ ಕಚ್ಚಿದ್ದರೆ ಒಂದು ಗಂಟೆಯನ್ನೂ ಕಳೆಯಬೇಡಿ. ಪಕ್ಕೆಲುಬು ಮುರಿದು ಪುಪ್ಪುಸಕ್ಕೆ ಪೆಟ್ಟಾಗಿರಬಹುದು. ಉಸಿರು ಜೋರಾಗಿದೆಯಾ, ಒಸಡು ಬೆಳ್ಳಗೋ ನೀಲಿಯೋ ಆಗಿದೆಯಾ ನೋಡಿ. ಎಕ್ಸ್‌ರೇ ಬೇಕು ಎಂದು ಡಾಕ್ಟರು ಹೇಳಿದರೆ ‘ಸುಮ್ನೆ ಖರ್ಚು’ ಅನ್ನಬೇಡಿ. ಹೊಟ್ಟೆಯ ಮೇಲಿನ ಕಡಿತವೂ ಹಾಗೆಯೇ.

ಮನೆಯಲ್ಲಿ ಮಾಡಬೇಕಾದದ್ದು ಸ್ವಲ್ಪವೇ. ಶುದ್ಧ ನೀರಿನಿಂದ ಗಾಯ ತೊಳೆಯಿರಿ, ರಕ್ತ ಹರಿಯುತ್ತಿದ್ದರೆ ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿಯಿರಿ, ಗಾಡಿ ಹತ್ತಿಸಿ. ಅರಿಶಿನ, ಸುಣ್ಣ, ಕಾಫಿಪುಡಿ, ಸೀಮೆಎಣ್ಣೆ ಯಾವುದೂ ಬೇಡ. ಔಷಧದ ಅಂಗಡಿಯವರು ಕೊಡುವ ಬಣ್ಣದ ಸ್ಪ್ರೇ ಮೇಲೆ ನನಗೆ ವಿಶೇಷ ಸಿಟ್ಟು. ಅದನ್ನು ಹೊಡೆದರೆ ಗಾಯದ ಅಂಚೂ ಕಾಣುವುದಿಲ್ಲ, ಆಳವೂ ಕಾಣುವುದಿಲ್ಲ, ಫೋಟೊದಲ್ಲಿ ಬರೀ ನೇರಳೆ ಬಣ್ಣ. ಇನ್ನೊಂದು ಮಾತು: ನಾಯಿ ನರಳುತ್ತಿದೆ ಎಂದು ನಿಮ್ಮ ನೋವಿನ ಗುಳಿಗೆ ಕೊಡಬೇಡಿ. ಐಬುಪ್ರೊಫೇನ್, ಡೈಕ್ಲೊಫೆನಾಕ್ ನಾಯಿಗೆ ವಿಷ. ಪ್ಯಾರಾಸಿಟಮಾಲ್ ಕೂಡ ಮನೆಮದ್ದಲ್ಲ. 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ಗಾಡಿ ಸಿಗುತ್ತದೆ, ಆದರೆ ಅದು ಹೆಚ್ಚಾಗಿ ದನಕರುಗಳಿಗಾಗಿ ಹಳ್ಳಿ ಹಳ್ಳಿ ತಿರುಗುವ ಗಾಡಿ. ಪಟ್ಟಣದಲ್ಲಿದ್ದರೆ ಅದನ್ನು ಕಾಯುತ್ತಾ ಕೂರಬೇಡಿ, ಆಟೋದಲ್ಲಿ ಪಶು ಆಸ್ಪತ್ರೆಗೆ ಹೋಗಿ.

ಡಾಕ್ಟರು ಹೊಲಿಗೆ ಹಾಕದೆ ಗಾಯವನ್ನು ತೆರೆದೇ ಬಿಟ್ಟರೆ ಗಾಬರಿಯಾಗಬೇಡಿ. ಕಡಿತದ ಗಾಯವನ್ನು ಕೂಡಲೇ ಹೊಲಿದರೆ ಕೀವು ಒಳಗೇ ಸಿಕ್ಕಿಕೊಳ್ಳುತ್ತದೆ. ‘ಹೊಲಿಗಿ ಹಾಕ್ರಿ, ಹೊಲಿಗಿ ಹಾಕ್ರಿ’ ಎಂದು ಅವರ ಬೆನ್ನು ಹತ್ತುವವರನ್ನು ನೋಡಿದ್ದೇನೆ. ಕೆಲವರು ಅದಕ್ಕೆಂದೇ ಬೇರೆ ಡಾಕ್ಟರನ್ನು ಹುಡುಕಿಕೊಂಡು ಹೋಗುತ್ತಾರೆ.

ರೇಬಿಸ್ ಲಸಿಕೆಯ ಮಾತು ತೆಗೆಯದೆ ಎದ್ದು ಬರಬೇಡಿ. ಮೊದಲೇ ಲಸಿಕೆ ಆದ ನಾಯಿಗೂ ಕಡಿತದ ನಂತರ ಬೂಸ್ಟರ್ ಬೇಕಾಗುತ್ತದೆ. ಆಗದ ನಾಯಿಗೆ ಹಲವು ದಿನಗಳ ಸರಣಿ. ಕಚ್ಚಿದ ನಾಯಿಯನ್ನು 10 ದಿನ ಕಟ್ಟಿಹಾಕಿ ನೋಡಬೇಕು. ಅಷ್ಟು ದಿನ ಅದು ಆರೋಗ್ಯವಾಗಿದ್ದರೆ, ಕಚ್ಚಿದ ಹೊತ್ತಿನಲ್ಲಿ ಅದರ ಜೊಲ್ಲಿನಲ್ಲಿ ರೇಬಿಸ್ ಇರಲಿಲ್ಲ ಎಂದರ್ಥ. ಹಾಗೆಂದು ನಿಮ್ಮ ನಾಯಿಯ ಲಸಿಕೆಯನ್ನು ಆ 10 ದಿನ ತಡ ಮಾಡಬೇಡಿ.

ಈಗ ಲೆಕ್ಕದ ಭಾಗ. ಡಾಕ್ಟರಿಂದ ಬರವಣಿಗೆಯಲ್ಲಿ ತೆಗೆದುಕೊಳ್ಳಿ: ತಾರೀಖು, ಹೊತ್ತು, ಎಲ್ಲೆಲ್ಲಿ ಗಾಯ, ಎಷ್ಟು ಆಳ, ನಾಯಿ ಕಡಿತದಿಂದಲೇ ಆದದ್ದು ಎಂಬ ಒಂದು ಸಾಲು, ಮುಂದೆ ಎಷ್ಟು ಸಲ ಬರಬೇಕು ಎಂಬ ಅಂದಾಜು. ಈ ಕೊನೆಯದನ್ನು ಯಾರೂ ಕೇಳುವುದಿಲ್ಲ. ಐನೂರು ರೂಪಾಯಿಯ ರಾಜಿಯಿಂದ ನಿಮ್ಮನ್ನು ಉಳಿಸುವುದು ಅದೊಂದೇ ಸಾಲು. ಕೂದಲು ಬೋಳಿಸಿದ ಮೇಲೆ ಗಾಯದ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೊ ತೆಗೆಯಿರಿ, ಗಾತ್ರ ಗೊತ್ತಾಗುತ್ತದೆ. ಮೂರನೇ ದಿನ, ಐದನೇ ದಿನವೂ ತೆಗೆಯಿರಿ. ಔಷಧದ ಬಿಲ್ ಕೇಳಿ ಪಡೆಯಿರಿ, ಬಿಳಿ ಚೀಟಿಯ ಮೇಲೆ ಬರೆದುಕೊಟ್ಟ ಲೆಕ್ಕ ನಡೆಯುವುದಿಲ್ಲ. ಆಟೋ ಬಾಡಿಗೆಯನ್ನು ಫೋನ್‌ಪೇ ಮೂಲಕ ಕೊಟ್ಟರೆ ಅದೇ ದಾಖಲೆ.

3. ಸಾಕ್ಷಿ

ಬಿಡಿಸಲು ಬಂದವರ ಹೆಸರು, ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಎದುರು ಮನೆಯ ಕ್ಯಾಮೆರಾ ಇದ್ದರೆ ಅವತ್ತೇ ದೃಶ್ಯ ಕೇಳಿ. ಹಳೆಯದು ತಾನಾಗಿಯೇ ಅಳಿಸಿ ಹೋಗುತ್ತದೆ.

4. ಯಾರ ತಪ್ಪು ಎಂದು ನಿಮಗೆ ನೀವೇ ಕೇಳಿಕೊಳ್ಳಿ

ಕಾನೂನಿನ ಕಣ್ಣಿಗೆ ನಾಯಿ ಚರಾಸ್ತಿ. ಮನೆಯವರ ಕಣ್ಣಿಗೆ ಅಲ್ಲ, ಅದು ಬೇರೆ. ಇನ್ನೊಬ್ಬರ ನಿರ್ಲಕ್ಷ್ಯದಿಂದ ನಿಮ್ಮ ಆಸ್ತಿಗೆ ಹಾನಿಯಾದರೆ ಪರಿಹಾರ ಕೇಳಬಹುದು, ಇಷ್ಟೇ ವಿಷಯ. ಹಾಗಾಗಿ ಯಾವ ನಾಯಿ ಮೊದಲು ಬೊಗಳಿತು ಎಂಬುದಕ್ಕಿಂತ ಯಾವ ಮಾಲೀಕ ಹಿಡಿತ ಬಿಟ್ಟ ಎಂಬುದು ಮುಖ್ಯ. ಒಂದು ನಾಯಿಗೆ ಬೆಲ್ಟ್ ಇತ್ತು, ಇನ್ನೊಂದಕ್ಕೆ ಇರಲಿಲ್ಲ ಅಂದರೆ ಉತ್ತರ ಹೆಚ್ಚುಕಡಿಮೆ ಸಿಕ್ಕಂತೆ. ಎರಡೂ ಬಿಡಿಯಾಗಿ ಓಡಾಡುತ್ತಿದ್ದವೇ? ಖರ್ಚು ಅರ್ಧ ಅರ್ಧ ಅಂದುಕೊಳ್ಳಿ, ನ್ಯಾಯವೂ ಅದೇ. ನಿಮ್ಮ ನಾಯಿ ಅವರ ಅಂಗಳಕ್ಕೆ ನುಗ್ಗಿ ಕಚ್ಚಿಸಿಕೊಂಡಿತೇ? ಕೇಳಲು ಹೋಗಬೇಡಿ. ಕುರಿಹಿಂಡಿನ ಹತ್ತಿರ ನಿಮ್ಮ ನಾಯಿಯನ್ನು ಬಿಟ್ಟು ಕುರಿಗಾರರ ನಾಯಿಯಿಂದ ಪೆಟ್ಟು ತಿನ್ನಿಸಿಕೊಂಡವರೂ ಹಾಗೆಯೇ, ಕಾಯುವುದು ಅದರ ಕೆಲಸ. ನಾಯಿಯನ್ನು ಹಿಡಿದಿದ್ದವನು ಮನೆಕೆಲಸದ ಹುಡುಗನಾದರೂ ಕೇಳಬೇಕಾದದ್ದು ಕೆಲಸಕ್ಕೆ ಇಟ್ಟುಕೊಂಡವರನ್ನು, ಆ ಹುಡುಗನನ್ನಲ್ಲ.

ಎರಡನೆಯ ಪ್ರಶ್ನೆ: ಅವರಿಗೆ ಮೊದಲೇ ಗೊತ್ತಿತ್ತೇ? ಹಿಂದೆಯೂ ಆ ನಾಯಿ ಯಾರನ್ನಾದರೂ ಕಚ್ಚಿದ್ದು ಗೊತ್ತಿದ್ದೂ ಬಿಟ್ಟಿದ್ದರೆ ಹೊಣೆ ಭಾರವಾಗುತ್ತದೆ. ಮುಧೋಳ ನಾಯಿ ಸಾಕಿದವರು ಇದನ್ನು ಕಿವಿಗೆ ಹಾಕಿಕೊಳ್ಳಬೇಕು. ಅದು ಕಣ್ಣಿಂದ ಬೇಟೆಯಾಡುವ ತಳಿ, ಓಡುವುದನ್ನು ಕಂಡರೆ ಬೆನ್ನಟ್ಟುತ್ತದೆ. ಬಾಗಲಕೋಟೆ ಜಿಲ್ಲೆಯಲ್ಲಿ ಕುಳಿತು ‘ನನಗ ಗೊತ್ತಿರಲಿಲ್ರಿ’ ಎಂದರೆ ಯಾರು ನಂಬುತ್ತಾರೆ? ‘ಪಿಟ್‌ಬುಲ್ ಬ್ಯಾನ್ ಆಗೇತಿ, ಕೇಸ್ ನಮ್ಮದೇ’ ಎನ್ನುವವರೂ ಇದ್ದಾರೆ. ಪಿಟ್‌ಬುಲ್ ಸೇರಿ 23 ತಳಿಗಳನ್ನು ನಿಷೇಧಿಸಲು ಕೇಂದ್ರ 2024ರ ಮಾರ್ಚ್‌ನಲ್ಲಿ ಹೊರಡಿಸಿದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಅದೇ ವರ್ಷ ಏಪ್ರಿಲ್‌ನಲ್ಲಿ ರದ್ದು ಮಾಡಿತು. ತಳಿಯ ಹೆಸರು ಹಿಡಿದು ಗೆಲ್ಲಲು ಆಗುವುದಿಲ್ಲ.

ನಮ್ಮ ಕಡೆಯ ಇನ್ನೊಂದು ಆಟ: ಕಚ್ಚುವವರೆಗೆ ಅದು ‘ನಮ್ಮ ರಾಜಾ’, ಕಚ್ಚಿದ ಮೇಲೆ ‘ನಮ್ಮದಲ್ರಿ ಅದು, ಸುಮ್ನ ರೊಟ್ಟಿ ಹಾಕ್ತೀವಿ’. ಕೊರಳಲ್ಲಿ ಬೆಲ್ಟ್, ಮನೆಮುಂದೆ ಸರಪಳಿ, ಲಸಿಕೆಯ ಕಾರ್ಡು, ಅವರೇ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದ ಫೋಟೊ ಇವೆಲ್ಲ ಮಾಲೀಕ ಯಾರೆಂದು ಹೇಳುತ್ತವೆ. ಸ್ಟೇಟಸ್ ಇಪ್ಪತ್ತನಾಲ್ಕು ಗಂಟೆಯಲ್ಲಿ ಹೋಗುತ್ತದೆ, ಸ್ಕ್ರೀನ್‌ಶಾಟ್ ತೆಗೆದಿಡಿ. ನಿಜವಾಗಿಯೂ ಬೀದಿ ನಾಯಿಯಾದರೆ ರೊಟ್ಟಿ ಹಾಕಿದವರ ಮೇಲೆ ಹೋಗಬೇಡಿ. ಬೀದಿ ನಾಯಿಗಳ ಸಂತಾನಹರಣ, ಲಸಿಕೆಯ ಹೊಣೆ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ನಗರಸಭೆ, ಪಂಚಾಯಿತಿಗಳದ್ದು. ದೂರು ಅಲ್ಲಿಗೆ ಕೊಡಿ.

5. ಮಾತಾಡುವುದು

ಅವತ್ತೇ ಹೋಗಬೇಡಿ. ಅವತ್ತು ಒಂದು ಮೆಸೇಜ್ ಸಾಕು. ಹೀಗೆ: ‘ನಮಸ್ಕಾರ್ರಿ. ಇವತ್ತು ಬೆಳಿಗ್ಗೆ 6.30ಕ್ಕೆ ಪಾರ್ಕಿನ ಗೇಟ್ ಹತ್ತಿರ ನಿಮ್ಮ ನಾಯಿ ನಮ್ಮ ನಾಯಿಯನ್ನು ಕಚ್ಚಿದೆ. ಆಸ್ಪತ್ರೆಯಲ್ಲಿ ತೋರಿಸಿದ್ದೇವೆ, ಫೋಟೊ ಮತ್ತು ಚೀಟಿ ಕಳಿಸಿದ್ದೇನೆ. ನಿಮ್ಮ ನಾಯಿಯ ಲಸಿಕೆ ಕಾರ್ಡಿನ ಫೋಟೊ ಕಳಿಸ್ರಿ. ಖರ್ಚಿನ ವಿಚಾರ ಚಿಕಿತ್ಸೆ ಮುಗಿದ ಮೇಲೆ ಮಾತಾಡೋಣ.’ ಇದರಲ್ಲಿ ಬೈಗುಳ ಇಲ್ಲ, ಮೊತ್ತವೂ ಇಲ್ಲ. ಅವರು ‘ಆಗಲಿ, ತಪ್ಪಾತ್ರಿ’ ಎಂದು ಉತ್ತರ ಕೊಟ್ಟರೆ ಅರ್ಧ ಕೆಲಸ ಮುಗಿದಂತೆ.

ಅವರೇ ಹಣ ತಂದುಕೊಟ್ಟರೆ ತೆಗೆದುಕೊಳ್ಳಿ, ಬೇಡ ಅನ್ನಬೇಡಿ. ‘ಇದು ಇವತ್ತಿನ ಖರ್ಚಿಗೆ, ಮುಂದಿನದು ಡಾಕ್ಟರ ಬಿಲ್ ಪ್ರಕಾರ’ ಎಂದು ಬರೆದುಕೊಡಿ, ಅವರ ಸಹಿಯನ್ನೂ ಹಾಕಿಸಿ. ಹಿರಿಯರು ‘ಪೂರ್ತಿ ಮುಗೀತು’ ಎಂದು ಬರೆಸಲು ನೋಡುತ್ತಾರೆ. ಅವರಿಗೆ ಊಟದ ಹೊತ್ತಾಗಿರುತ್ತದೆ, ಗಾಯ ನಿಮ್ಮ ನಾಯಿಯದು. ಡಾಕ್ಟರು ಇನ್ನು ಬರುವುದು ಬೇಡ ಎಂದ ಮೇಲೆಯೇ ಕೊನೆಯ ಲೆಕ್ಕ. ಆಗ ಎಲ್ಲ ಬಿಲ್ಲುಗಳ ಜೆರಾಕ್ಸ್ ಕೊಟ್ಟು ಮೊತ್ತ ಹೇಳಿ. ಲೆಕ್ಕ ಮುಗಿಯಿತು ಎಂದು ಬರೆಯುವ ಪತ್ರಕ್ಕೆ ಇಬ್ಬರು ಸಾಕ್ಷಿಗಳ ಸಹಿ ಇರಲಿ.

ಎಷ್ಟು ಕೇಳಬಹುದು? ಚಿಕಿತ್ಸೆ, ಔಷಧ, ಓಡಾಟ. ನಾಯಿ ಸತ್ತರೆ ಅದರ ಬೆಲೆ. ‘ಮನಸ್ಸಿಗೆ ನೋವಾಗಿದೆ, ಒಂದು ಲಕ್ಷ ಕೊಡಿ’ ಎಂದು ಶುರು ಮಾಡಿದರೆ ಕೊಡಲು ಸಿದ್ಧವಿದ್ದವರೂ ಬಾಗಿಲು ಹಾಕುತ್ತಾರೆ.

6. ಒಪ್ಪದಿದ್ದರೆ

ಪೊಲೀಸ್ ಠಾಣೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬಹುದು. ಇಬ್ಬರನ್ನೂ ಕರೆಸಿ ಮಾತಾಡಿಸುತ್ತಾರೆ. ಅದರಿಂದ ಜಾಸ್ತಿ ನಿರೀಕ್ಷೆ ಬೇಡ. ಪ್ರಾಣಿಯನ್ನು ಸರಿಯಾಗಿ ನೋಡಿಕೊಳ್ಳದ್ದಕ್ಕೆ ಇರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು ಹೇಳುವುದು ಮನುಷ್ಯರಿಗೆ ಆಗುವ ಅಪಾಯದ ಬಗ್ಗೆ. ಪ್ರಾಣಿಯನ್ನು ಕೊಲ್ಲುವ, ಅಂಗ ಊನ ಮಾಡುವ 325ನೇ ಕಲಮಿಗೆ ಐದು ವರ್ಷದವರೆಗೆ ಶಿಕ್ಷೆ ಇದೆ. ಆದರೆ ಬೇಕೆಂದೇ ಛೂ ಬಿಟ್ಟಿದ್ದರೆ ಮಾತ್ರ ಆ ಮಾತು ಬರುತ್ತದೆ. ಬೆಲ್ಟ್ ಕೈ ಜಾರಿದ್ದಕ್ಕೆ ಅದು ತಾಗುವುದಿಲ್ಲ. ಖರ್ಚು ವಸೂಲಿಯ ದಾರಿ ಸಿವಿಲ್, ಅದಕ್ಕೆ ಮೂರು ವರ್ಷದ ಗಡುವು.

ವಕೀಲರ ನೋಟಿಸ್ ಒಂದನ್ನು ಕಳಿಸಿ. ಅಷ್ಟಕ್ಕೇ ಬಹಳ ಜನ ದಾರಿಗೆ ಬರುತ್ತಾರೆ. ಬರದಿದ್ದರೆ ನೇರ ದಾವೆಗಿಂತ ನನ್ನ ಮತ ಲೋಕ್ ಅದಾಲತ್ ಕಡೆಗೆ. ದಾವೆ ಹೂಡುವ ಮೊದಲೇ ಅಲ್ಲಿಗೆ ಅರ್ಜಿ ಕೊಡಬಹುದು, ಕೋರ್ಟ್ ಶುಲ್ಕ ಇಲ್ಲ, ಅಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯ (ತೀರ್ಪಿನ ಆದೇಶದ) ಬೆಲೆ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ, ಜಮಖಂಡಿ, ಮುಧೋಳದ ಕಡೆಯವರು ತಾಲೂಕು ಸಮಿತಿಗೆ ಹೋಗಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಸಹಾಯವಾಣಿ 15100.

ಕಚ್ಚಿದ್ದು ನಿಮ್ಮ ನಾಯಿಯಾದರೆ

ಮೊದಲು ಲಸಿಕೆಯ ಕಾರ್ಡು ತೋರಿಸಿ, ಕೇಳುವವರೆಗೆ ಕಾಯಬೇಡಿ. ಜೊತೆಗೆ ಆಸ್ಪತ್ರೆಗೆ ಹೋಗಿ ಬಿಲ್ಲನ್ನು ನೀವೇ ಕಟ್ಟಿ. ಕೈಗೆ ಹಣ ಕೊಟ್ಟು ಆಮೇಲೆ ಲೆಕ್ಕ ಕೇಳುವುದಕ್ಕಿಂತ ಇದು ಅಗ್ಗ. 10 ದಿನ ನಾಯಿಯನ್ನು ಮನೆಯಲ್ಲೇ ಕಟ್ಟಿ. ಆಮೇಲೆ ಹೊರಗೆ ತರುವಾಗ ಬಾಯಿಗೆ ಜಾಳಿಗೆ ಇರಲಿ. ಬಾಯಿ ತೆರೆದು ಏದುಸಿರು ಬಿಡಲು ಜಾಗ ಇರುವ ಬುಟ್ಟಿಯಂಥದ್ದನ್ನೇ ತನ್ನಿ, ಬಾಯಿ ಬಿಗಿಯುವ ಬಟ್ಟೆಯ ಪಟ್ಟಿ ನಮ್ಮ ಬಿಸಿಲಿಗೆ ಅಪಾಯ. ನಾಯಿ ಎಳೆದಷ್ಟೂ ಉದ್ದವಾಗುವ, ಗುಂಡಿ ಒತ್ತಿದರೆ ನಿಲ್ಲುವ, ಸುರುಳಿ ಸುತ್ತಿಕೊಳ್ಳುವ ಬೆಲ್ಟನ್ನು ಮಾರುಕಟ್ಟೆಯಿಂದಲೇ ತೆಗೆದುಹಾಕಬೇಕು ಎಂಬುದು ನನ್ನ ಅಭಿಪ್ರಾಯ. ನಾಯಿ ಹದಿನೈದು ಅಡಿ ದೂರ ಹೋದ ಮೇಲೆ ಗುಂಡಿ ಒತ್ತಿ ಏನು ಪ್ರಯೋಜನ? ಆರು ಅಡಿಯ ಗಟ್ಟಿ ನವಾರದ ಬೆಲ್ಟ್ ಸಾಕು.

ಕೆಲವು ವಿಮಾ ಕಂಪನಿಗಳ ನಾಯಿ ಪಾಲಿಸಿಯಲ್ಲಿ, ನಿಮ್ಮ ನಾಯಿಯಿಂದ ಬೇರೆಯವರಿಗೆ ಆದ ಹಾನಿಗೂ ರಕ್ಷಣೆ ಇರುತ್ತದೆ. ಕೊಳ್ಳುವ ಮೊದಲು ಆ ಸಾಲನ್ನು ಹುಡುಕಿ. ಬೇರೆಯವರ ಸಾಕುಪ್ರಾಣಿಗೆ ಆದ ಗಾಯವೂ ಅದರಲ್ಲಿ ಸೇರುತ್ತದೆಯೇ, ಘಟನೆಯನ್ನು ಎಷ್ಟು ಗಂಟೆಯೊಳಗೆ ತಿಳಿಸಬೇಕು, ಇವೆರಡನ್ನೂ ಏಜೆಂಟರ ಬಾಯಿಂದಲ್ಲ, ಪಾಲಿಸಿಯ ಕಾಗದದಲ್ಲೇ ಓದಿ ಸಹಿ ಹಾಕಿ.