ಹೆಡರ್ ಯಾವ ಸಾಲಿನಲ್ಲಿದೆ? ಮೊದಲು ಕಣ್ಣಾರೆ ನೋಡಿ

ನಮ್ಮ ಕಾಸರಗೋಡಿನ ಬದಿಯಡ್ಕದ ಕಡೆ ಅಡಿಕೆ ಲೆಕ್ಕದ ಎಕ್ಸೆಲ್ ಫೈಲು ನೇರವಾಗಿ ಶುರುವಾಗುವುದಿಲ್ಲ. ಮೇಲೆ ಸಂಘದ ಹೆಸರು, ವಿಳಾಸ, ತಿಂಗಳು. ನಾಲ್ಕನೇ ಸಾಲಿನಲ್ಲಿ ಮಲಯಾಳದ ಹೆಡರ್ (ಕಾಲಂ ಹೆಸರುಗಳ ಸಾಲು), ಐದನೆಯದರಲ್ಲಿ ಕನ್ನಡದ್ದು: ಹೆಸರು, ಚಾಲಿ, ಪಟೋರ (ಇವೆರಡೂ ಅಡಿಕೆಯ ಬಗೆಗಳು), ಕಿಲೋ.

ಇಂಥ ಫೈಲು ಓದಲು ಬಳಸುವ, ಪೈಥಾನ್ ಭಾಷೆಯ ಪಾಂಡಾಸ್ ಲೈಬ್ರರಿ ಮಾತ್ರ, ನಾವೇನೂ ಹೇಳದಿದ್ದರೆ, ಮೊದಲ ಸಾಲನ್ನೇ ಹೆಡರ್ ಮಾಡಿಬಿಡುತ್ತದೆ. ಅದಕ್ಕೇ ಮೊದಲು ‘ಹೆಡರ್=ನನ್, ಎನ್‌ರೋಸ್=8’ (header=None, nrows=8) ಕೊಟ್ಟು ಎಂಟು ಸಾಲು ಓದಿಸಿ ನೋಡಿ. ಎಣಿಕೆ ಸೊನ್ನೆಯಿಂದ ಶುರು, ಜಾಸ್ತಿ ಎಡವುವುದು ಇಲ್ಲೇ. ಕನ್ನಡದ ಐದನೇ ಸಾಲು ಬೇಕಾದರೆ ‘ಹೆಡರ್=4’ (header=4) ಎನ್ನಬೇಕು. ಮೇಲಿನದ್ದೆಲ್ಲ ತಾನಾಗಿ ಬಿಟ್ಟುಹೋಗುತ್ತದೆ.

ಹೆಡರ್ ಇಲ್ಲದ ಸಿಎಸ್‌ವಿ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಸಾದಾ ಫೈಲು) ಬಂದರೆ ಇನ್ನೂ ಎಚ್ಚರ ಬೇಕು. ಒಮ್ಮೆ ನಾನು ಸುಮ್ನೆ ಓದಿಸಿದೆ. ಮೊದಲ ಕೃಷಿಕರ ಹೆಸರೇ ಕಾಲಂ ಹೆಸರಾಯಿತು, ಅವರ 42 ಕಿಲೋ ಮೊತ್ತದಿಂದ ಮಾಯ. ಒಬ್ಬರ ಬೆವರಿನ ಲೆಕ್ಕ ಅದು, ಅಲ್ವಾ? ಈಗ ‘ಹೆಡರ್=ನನ್’ ಹಾಕಿ, ‘ನೇಮ್ಸ್’ (names) ಎಂಬಲ್ಲಿ ಕಾಲಂ ಹೆಸರುಗಳನ್ನು ನಾನೇ ಕೊಡುತ್ತೇನೆ. ಸಾಲುಗಳ ಸಂಖ್ಯೆಯನ್ನೂ ಫೈಲಿನ ಜೊತೆ ತಾಳೆ ನೋಡುತ್ತೇನೆ.

ಹೆಡರ್ ಸರಿಯಿದ್ದರೂ ‘ಕಿಲೋ’ ಕಾಲಂ ಸಿಗುತ್ತಿಲ್ಲ ಎಂದರೆ, ಅದರ ಕೊನೆಯಲ್ಲಿ ಸ್ಪೇಸ್ ಅಂಟಿಕೊಂಡಿರಬಹುದು. ಕಾಲಂ ಹೆಸರುಗಳಿಗೆ ಒಮ್ಮೆ ‘ಸ್ಟ್ರಿಪ್’ (strip, ಅಂಚಿನ ಸ್ಪೇಸ್ ತೆಗೆಯುವುದು) ಮಾಡಿಬಿಡಿ.