ಪ್ರೀ-ಸೀಸನ್ ಪಂದ್ಯ ನೋಡಿ ಆಟಗಾರರನ್ನು ಅಳೆಯುವುದು ಹೇಗೆ?

ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಶುರುವಾಗುವ ಮೊದಲು ನಮ್ಮ ಫುಟ್‌ಬಾಲ್ ತಂಡ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಒಂದೆರಡು ಸೌಹಾರ್ದ ಪಂದ್ಯ ಆಡುತ್ತದೆ, ಇಲ್ಲವೇ ಡುರಾಂಡ್ ಕಪ್ ಟೂರ್ನಿಗೆ ಹೋಗುತ್ತದೆ. ಪಂದ್ಯ ಮುಗಿದು ಹತ್ತು ನಿಮಿಷ ಆಗಿರುವುದಿಲ್ಲ, ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎಲ್ಲ ಆಟಗಾರರಿಗೂ ಹತ್ತಕ್ಕೆ ಇಷ್ಟು ಎಂದು ಅಂಕ ಬಿದ್ದಿರುತ್ತದೆ. ಗೋಲು ಹೊಡೆದವನಿಗೆ ಎಂಟು. ಎರಡು ಪಾಸ್ ತಪ್ಪಿಸಿದವನಿಗೆ ಮೂರು. ಕೊನೆಯ ಇಪ್ಪತ್ತು ನಿಮಿಷ ಆಡಿದ ಚಿಕ್ಕ ಹುಡುಗನ ಬಗ್ಗೆ ‘ಇವನನ್ನು ಯಾಕೆ ತಂದರು?’ ಎಂಬ ಮಾತು. ಪ್ರತಿ ವರ್ಷ ಇದನ್ನು ಓದುವಾಗ ನನಗೆ ಬೇಜಾರಾಗುತ್ತದೆ. ಇಂಥ ಪಂದ್ಯದಿಂದ ತಿಳಿದುಕೊಳ್ಳುವುದು ಬೇಕಾದಷ್ಟಿದೆ. ಆದರೆ ಲೀಗ್ ಪಂದ್ಯ ನೋಡಿದ ಹಾಗೆ ಇದನ್ನು ನೋಡಿದರೆ ಏನೂ ಸಿಗುವುದಿಲ್ಲ. ನಾನು ಅನುಸರಿಸುವ ಕ್ರಮ ಇದು.

1. ಸಾಮಾನು

ಒಂದು ಗೆರೆ ಹಾಕಿದ ನೋಟ್‌ಬುಕ್, ಒಂದು ಪೆನ್ಸಿಲ್. ಪೆನ್ಸಿಲ್ಲೇ ಇರಲಿ. ಆಗಸ್ಟ್‌ನ ತುಂತುರು ಬಿದ್ದರೆ ಜೆಲ್ ಪೆನ್ನಿನ ಬರಹ ಹರಡಿಹೋಗುತ್ತದೆ. ಮೊಬೈಲ್‌ನಲ್ಲಿ ಬರೆದುಕೊಳ್ಳಲು ಹೋಗಬೇಡಿ. ತಲೆ ತಗ್ಗಿಸಿದ ಆ ಐದು ಸೆಕೆಂಡಿನಲ್ಲೇ ನೀವು ನೋಡಬೇಕಾದದ್ದು ನಡೆದುಹೋಗಿರುತ್ತದೆ.

ಆಟಗಾರರಿಗೆ ತಾನಾಗಿಯೇ ಅಂಕ ಕೊಡುವ ಆಪ್‌ಗಳಿವೆ, ಅಲ್ವಾ? ಈ ಕೆಲಸಕ್ಕೆ ಅವು ಬೇಡ. ಚೆಂಡು ಮುಟ್ಟಿದ್ದನ್ನು ಎಣಿಸುವುದರಲ್ಲೇ ಅವುಗಳ ಲೆಕ್ಕ ಜಾಸ್ತಿ. ಸೆಂಟರ್ ಬ್ಯಾಕ್ (ರಕ್ಷಣೆಯ ಮಧ್ಯದಲ್ಲಿ ಆಡುವವ) ಒಬ್ಬ ಪಕ್ಕದವನಿಗೆ ನಲವತ್ತು ಸಲ ಸುಮ್ನೆ ಚೆಂಡು ತಳ್ಳಿದರೂ ಅವನ ಪಾಸ್‌ಗಳಿಗೆ ಒಳ್ಳೆಯ ಶೇಕಡಾ ಬರುತ್ತದೆ. ಮೂರು ನಿಮಿಷದ ಹೈಲೈಟ್ಸ್ ನೋಡಿ ತೀರ್ಪು ಕೊಡುವುದಂತೂ ಅದಕ್ಕಿಂತ ಕೆಟ್ಟದ್ದು.

2. ಪಟ್ಟಿ ಮತ್ತು ನಿಮಿಷ

ಯಾರು ಯಾವ ನಿಮಿಷದಿಂದ ಯಾವ ನಿಮಿಷದವರೆಗೆ, ಯಾವ ಜಾಗದಲ್ಲಿ ಆಡಿದರು ಎಂದು ಬರೆದುಕೊಳ್ಳಿ. ಅಷ್ಟೇ.

3. ಫಲಿತಾಂಶವನ್ನು ಪಕ್ಕಕ್ಕಿಡಿ

2022ರ ಸೆಪ್ಟೆಂಬರ್‌ನಲ್ಲಿ ಕೋಲ್ಕತ್ತದಲ್ಲಿ ಮುಂಬೈ ಸಿಟಿಯನ್ನು 2-1ರಿಂದ ಸೋಲಿಸಿ ಬಿಎಫ್‌ಸಿ ಡುರಾಂಡ್ ಕಪ್ ಗೆದ್ದಿತು. ಈ ಸಲ ಐಎಸ್‌ಎಲ್ ನಮ್ಮದೇ ಎಂದು ನಾವೆಲ್ಲ ಕುಣಿದೆವು. ಲೀಗ್ ಶುರುವಾದ ಮೇಲೆ ಸೋಲಿನ ಮೇಲೆ ಸೋಲು. ಆಮೇಲೆ ಅದೇ ತಂಡ ಲೀಗ್ ಹಂತದ ಕೊನೆಯ ಎಂಟೂ ಪಂದ್ಯ ಗೆದ್ದು, ನಾಲ್ಕನೇ ಸ್ಥಾನಕ್ಕೆ ಬಂದು, ಫೈನಲ್‌ವರೆಗೂ ಹೋಗಿ ಪೆನಾಲ್ಟಿಯಲ್ಲಿ ಸೋತಿತು. ಸೀಸನ್‌ಗೆ ಮುಂಚಿನ ಆ ಕಪ್ ನೋಡಿ ಇದರಲ್ಲಿ ಯಾವುದನ್ನೂ ಊಹಿಸಲು ಆಗುತ್ತಿರಲಿಲ್ಲ.

4. ಎದುರಿಗೆ ಯಾರಿದ್ದರು?

ಜನ ಎಡವುವುದು ಇಲ್ಲೇ. ಹಾಗಾಗಿ ಇದನ್ನು ನಿಧಾನವಾಗಿ ಹೇಳುತ್ತೇನೆ.

2024ರ ಆಗಸ್ಟ್ 1ರಂದು ಡುರಾಂಡ್ ಕಪ್‌ನಲ್ಲಿ ಕೇರಳ ಬ್ಲಾಸ್ಟರ್ಸ್ 8-0ಯಿಂದ ಮುಂಬೈ ಸಿಟಿಯನ್ನು ಸೋಲಿಸಿತು. ನೋವಾ ಸದೂಯಿ ಮೂರು, ಕ್ವಾಮೆ ಪೆಪ್ರಾ ಮೂರು ಗೋಲು. ಬರೀ ಹೆಸರು ನೋಡಿದವರಿಗೆ ಕಂಡದ್ದು, ಮೂರು ತಿಂಗಳ ಹಿಂದಷ್ಟೇ ಐಎಸ್‌ಎಲ್ ಕಪ್ ಎತ್ತಿದ ತಂಡಕ್ಕೇ ಎಂಟು ಗೋಲು! ಆದರೆ ಮುಂಬೈ ಅಲ್ಲಿಗೆ ಕಳಿಸಿದ್ದು ಮೀಸಲು ಆಟಗಾರರ ತಂಡವನ್ನು. ಮೂರು ವಾರದ ನಂತರ ಕ್ವಾರ್ಟರ್ ಫೈನಲ್‌ನಲ್ಲಿ ಬ್ಲಾಸ್ಟರ್ಸ್‌ಗೆ ಬಿಎಫ್‌ಸಿ ಎದುರಾಯಿತು. ಒಂದು ಗೋಲೂ ಹೊಡೆಯಲು ಆಗಲಿಲ್ಲ. ಇಂಜುರಿ ಟೈಮ್‌ನಲ್ಲಿ ಪೆರೇರಾ ಡಿಯಾಜ್ ಹೊಡೆದ ಗೋಲಿನಿಂದ ನಾವು 1-0 ಗೆದ್ದೆವು. ಆ ಸೀಸನ್‌ನ ಐಎಸ್‌ಎಲ್‌ನಲ್ಲಿ ಬ್ಲಾಸ್ಟರ್ಸ್ ಮುಗಿಸಿದ್ದು ಎಂಟನೇ ಸ್ಥಾನದಲ್ಲಿ.

ಹಾಗಾದರೆ ಮಾಡುವುದೇನು? ಹಾಳೆಯಲ್ಲಿ ಆರು ಮನೆಗಳ ಕೋಷ್ಟಕ ಹಾಕಿ, ಒಂದೊಂದು ಮನೆಗೆ ಹದಿನೈದು ನಿಮಿಷ. ಪ್ರತಿ ಮನೆಯಲ್ಲೂ ಎದುರಾಳಿ ತಂಡದ ಖಾಯಂ ಆಟಗಾರರು ಎಷ್ಟು ಜನ ಮೈದಾನದಲ್ಲಿದ್ದರು ಎಂದು ಬರೆಯಿರಿ. ಹಿಂದಿನ ಸೀಸನ್‌ನ ಕೊನೆಯ ಐದಾರು ಪಂದ್ಯಗಳ ತಂಡದ ಪಟ್ಟಿ ನೋಡಿಕೊಂಡು ಹೋದರೆ ಇದು ಕಷ್ಟವಲ್ಲ. ವಿದೇಶಿ ಆಟಗಾರರನ್ನು ಬೇರೆಯಾಗಿ ಎಣಿಸಿ. ಐಎಸ್‌ಎಲ್‌ನಲ್ಲಿ ಒಂದು ತಂಡ ಒಮ್ಮೆಗೆ ನಾಲ್ವರನ್ನು ಇಳಿಸಬಹುದು. ಪ್ರೀ-ಸೀಸನ್ ಹೊತ್ತಿಗೆ ಎಷ್ಟೋ ಸಲ ಅವರಲ್ಲಿ ಒಬ್ಬಿಬ್ಬರು ಇನ್ನೂ ಬಂದಿರುವುದೇ ಇಲ್ಲ.

ಈಗ ನಮ್ಮ ಆಟಗಾರನ ನಿಮಿಷಗಳನ್ನು ಆ ಮನೆಗಳ ಮೇಲಿಟ್ಟು ನೋಡಿ. ತಂಡಕ್ಕಿಂತ ಮುಖ್ಯವಾಗಿ, ಅವನಿಗೆ ನೇರ ಎದುರಾದವನು ಯಾರು ಎಂದು ಹುಡುಕಿ. ನಮ್ಮ ಎಡ ವಿಂಗರ್ ಅವರ ರೈಟ್ ಬ್ಯಾಕ್‌ನನ್ನು ಐದು ಸಲ ದಾಟಿದ ಎಂದುಕೊಳ್ಳಿ. ಆ ಬ್ಯಾಕ್ ಮೀಸಲು ತಂಡದ ಹದಿನೆಂಟರ ಹುಡುಗನಾದರೆ ನಾನು ಅದನ್ನು ಅರ್ಧಕ್ಕೆ ಇಳಿಸುತ್ತೇನೆ. ಅದೇ ನಮ್ಮ ಹೊಸ ಸ್ಟ್ರೈಕರ್ ಅವರ ಖಾಯಂ ವಿದೇಶಿ ಸೆಂಟರ್ ಬ್ಯಾಕ್‌ಗೆ ಬೆನ್ನು ಕೊಟ್ಟು, ಎಂಟು ಚೆಂಡಿನಲ್ಲಿ ಮೂರನ್ನು ಹಿಡಿದು ನಿಂತರೆ, ಗೋಲು ಬಾರದಿದ್ದರೂ ಅವನ ಹೆಸರಿನ ಕೆಳಗೆ ಗೆರೆ ಎಳೆಯುತ್ತೇನೆ.

ನಮ್ಮ ಕಡೆಯನ್ನೂ ಹೀಗೇ ನೋಡಬೇಕು. ಹಿಂದೆ ಇಬ್ಬರು ಹೊಸ ಸೆಂಟರ್ ಬ್ಯಾಕ್‌ಗಳಿದ್ದು, ಅವರು ಒತ್ತಡದಲ್ಲಿ ಚೆಂಡನ್ನು ಉದ್ದಕ್ಕೆ ಹೊಡೆಯುತ್ತಿದ್ದರೆ, ಮಧ್ಯದಲ್ಲಿರುವ ಮಿಡ್‌ಫೀಲ್ಡರ್‌ಗೆ ಚೆಂಡೇ ಬರುವುದಿಲ್ಲ. ಅವನು ‘ಕಾಣಲೇ ಇಲ್ಲ’ ಎಂದು ಅವನನ್ನು ದೂರುವುದು ಅನ್ಯಾಯ.

ಇನ್ನೊಂದು ಮಾತು. ಅರ್ಧ ಸಮಯಕ್ಕೆ ಆರೇಳು ಜನರನ್ನು ಒಟ್ಟಿಗೆ ಬದಲಾಯಿಸಿದರೆ, ಮುಂದಿನ ಹತ್ತು ನಿಮಿಷವನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಯಾರು ಯಾರನ್ನು ಹಿಡಿಯಬೇಕು ಎಂಬುದೇ ಆಗ ಅವರಿಗೆ ಸರಿಯಾಗಿ ಗೊತ್ತಿರುವುದಿಲ್ಲ. ನೀವೂ ಆ ಹತ್ತು ನಿಮಿಷಕ್ಕೆ ಕಾಟು ಹಾಕಿ.

5. ಚೆಂಡು ಬಿಟ್ಟು ಆಟಗಾರನನ್ನು ನೋಡಿ

ಒಂದು ಪಂದ್ಯಕ್ಕೆ ಮೂರೇ ಜನ. ಜಾಸ್ತಿ ಆಸೆ ಬೇಡ. ಒಬ್ಬನನ್ನು ಹಿಡಿದು ಹತ್ತು ನಿಮಿಷ, ಚೆಂಡು ಎಲ್ಲಿದ್ದರೂ ಸರಿ, ಕಣ್ಣು ಅವನ ಮೇಲೇ ಇರಲಿ. ಟಿವಿಯಲ್ಲಿ ಇದು ಆಗದು, ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತದೆ. ಮೈದಾನಕ್ಕೆ ಹೋಗಿ. ಕಂಠೀರವದಲ್ಲಿ ಸುತ್ತಲೂ ಓಟದ ಟ್ರ್ಯಾಕ್ ಇರುವುದರಿಂದ ಕೆಳಗಿನ ಸಾಲುಗಳಿಂದ ಆಟಗಾರರ ನಡುವಿನ ಅಂತರ ತಿಳಿಯುವುದೇ ಇಲ್ಲ. ಸಿಕ್ಕಷ್ಟು ಮೇಲೆ ಕುಳಿತುಕೊಳ್ಳಿ.

ಮಿಡ್‌ಫೀಲ್ಡರ್ ಆದರೆ, ಚೆಂಡು ಬರುವ ಮೊದಲು ಹೆಗಲ ಮೇಲಿಂದ ಹಿಂದೆ ನೋಡಿಕೊಳ್ಳುತ್ತಾನಾ ಎಂದು ಗಮನಿಸಿ. ನೋಡಿಕೊಂಡವನ ಮೊದಲ ಟಚ್ ಖಾಲಿ ಜಾಗದ ಕಡೆ ಹೋಗುತ್ತದೆ. ನೋಡದವನ ಟಚ್ ಬಂದ ಕಡೆಗೇ ವಾಪಸ್. ಸೆಂಟರ್ ಬ್ಯಾಕ್ ಆದರೆ, ಜೊತೆಗಾರ ಹೆಡ್ ಮಾಡಲು ಮುಂದೆ ಹೋದಾಗ ಇವನು ಎರಡು ಹೆಜ್ಜೆ ಹಿಂದೆ ಸರಿದು ಅವನ ಬೆನ್ನು ಕಾಯುತ್ತಾನಾ? ಫುಲ್ ಬ್ಯಾಕ್ (ಅಂಚಿನ ರಕ್ಷಕ) ಆದರೆ, ಇನ್ನೊಂದು ಬದಿಯಿಂದ ಕ್ರಾಸ್ ಬರುವಾಗ ದೂರದ ಕಂಬದ ಹತ್ತಿರ ತನ್ನ ಬೆನ್ನ ಹಿಂದೆ ಯಾರಿದ್ದಾರೆ ಎಂಬ ಎಚ್ಚರ ಅವನಿಗಿದೆಯಾ? ಸ್ಟ್ರೈಕರ್ ಆದರೆ, ಚೆಂಡು ಸಿಗದಿದ್ದರೂ ಅದೇ ಓಟವನ್ನು ಮತ್ತೆ ಮತ್ತೆ ಓಡುತ್ತಾನಾ?

ಎಲ್ಲರಿಗೂ ಅನ್ವಯಿಸುವುದು ಒಂದಿದೆ. ಚೆಂಡು ಕಳೆದುಕೊಂಡ ಮೇಲಿನ ಐದು ಸೆಕೆಂಡು. ಕೈಚೆಲ್ಲಿ ನಿಲ್ಲುವವನೂ ಇದ್ದಾನೆ, ತಕ್ಷಣ ತಿರುಗಿ ಓಡುವವನೂ ಇದ್ದಾನೆ. ಪ್ರೀ-ಸೀಸನ್‌ನಲ್ಲಿ ಇದನ್ನು ನೋಡಿ ನಾನು ಬರೆದುಕೊಂಡದ್ದು ಲೀಗ್‌ನಲ್ಲಿ ಸುಳ್ಳಾದದ್ದು ಬಹಳ ಕಡಿಮೆ.

6. ಸುಸ್ತು ಬೇರೆ, ದೌರ್ಬಲ್ಯ ಬೇರೆ

ಈ ವಾರಗಳಲ್ಲಿ ಕೋಚ್‌ಗಳು ಬೇಕೆಂದೇ ಆಟಗಾರರ ಮೇಲೆ ಹೊರೆ ಹಾಕುತ್ತಾರೆ. ಬಿಎಫ್‌ಸಿ ಎಷ್ಟೋ ಸಲ ಬಳ್ಳಾರಿ ಜಿಲ್ಲೆಯ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ತಯಾರಿ ನಡೆಸಿದೆ. ಆ ಬಿಸಿಲನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ಬೆಳಿಗ್ಗೆ ಓಟ, ಸಂಜೆ ಅಭ್ಯಾಸ, ಮಾರನೇ ದಿನವೇ ಪಂದ್ಯ ಎಂದರೆ ಕಾಲು ಭಾರವಾಗದೆ ಇರುತ್ತದೆಯೇ?

ನನ್ನ ಪರೀಕ್ಷೆ ಸರಳ. ಇಪ್ಪತ್ತನೇ ನಿಮಿಷದಲ್ಲಿ ಸರಿಯಾಗಿ ಮಾಡಿದ ಕೆಲಸವನ್ನೇ ಅರವತ್ತೈದನೇ ನಿಮಿಷದಲ್ಲಿ ತಪ್ಪಿದರೆ ಅದು ಸುಸ್ತು. ಬಿಟ್ಟುಬಿಡಿ. ಎರಡೂ ಹೊತ್ತಿನಲ್ಲಿ ಒಂದೇ ತಪ್ಪಾದರೆ ಮಾತ್ರ ಬರೆದುಕೊಳ್ಳಿ. ಹೋಗುವುದು ಸರಿಯಾದ ಜಾಗಕ್ಕೇ, ಆದರೆ ಅರ್ಧ ಸೆಕೆಂಡು ತಡ ಎಂದಾದರೆ ಅದೂ ಸುಸ್ತೇ. ಜಾಗವೇ ತಪ್ಪಿದ್ದರೆ ಚಿಂತೆ ಮಾಡಬೇಕು.

7. ಕೋಚ್ ಅವನಿಗೆ ಹೇಳಿದ್ದೇನು?

ಲೆಫ್ಟ್ ಬ್ಯಾಕ್ ಮಧ್ಯಕ್ಕೆ ಬಂದು ಆಡುತ್ತಿದ್ದರೆ ಅದು ಅವನ ತಪ್ಪಲ್ಲ, ಕೋಚ್ ಪ್ರಯೋಗ ಮಾಡುತ್ತಿರಬಹುದು. ಒಂದೇ ಕೆಲಸ ಮೂರು ಸಲ ನಡೆದರೆ ಅದು ಹೇಳಿಸಿಕೊಂಡು ಮಾಡಿದ್ದು ಎಂದು ತಿಳಿಯಿರಿ.

8. ತೀರ್ಪು

ಅಂಕ ಕೊಡಲೇಬೇಡಿ. ನಾನು ಮೂರು ಕಂಬಸಾಲು ಮಾಡುತ್ತೇನೆ. ‘ಸಿದ್ಧ’, ‘ಇನ್ನೊಂದು ಪಂದ್ಯ ನೋಡಬೇಕು’, ‘ಕಷ್ಟ’. ಪ್ರತಿ ಹೆಸರಿನ ಮುಂದೆ ಕಣ್ಣಾರೆ ಕಂಡ ಒಂದು ಘಟನೆ, ಅದರ ನಿಮಿಷ, ಎದುರಿಗಿದ್ದವನ ಹೆಸರು. ಘಟನೆ ಬರೆಯಲು ಆಗದಿದ್ದರೆ ಆ ಹೆಸರು ನಡುವಿನ ಸಾಲಿಗೆ ಹೋಗಬೇಕು. ಹೆಚ್ಚಿನವರು ಅಲ್ಲೇ ಇರುತ್ತಾರೆ, ಇರಲಿ.

‘ಸಿದ್ಧ’ ಸಾಲಿಗೆ ಒಂದು ಒಳ್ಳೆಯ ಉದಾಹರಣೆ ಬಿಎಫ್‌ಸಿಯ ವಿನಿತ್ ವೆಂಕಟೇಶ್. 2024ರ ಡುರಾಂಡ್ ಸೆಮಿಫೈನಲ್‌ನಲ್ಲಿ ಅವರು ಗೋಲು ಹೊಡೆದದ್ದು ಮೋಹನ್ ಬಾಗಾನ್ ವಿರುದ್ಧ, ಹಿಂದಿನ ಸೀಸನ್‌ನ ಲೀಗ್ ಶೀಲ್ಡ್ (ಲೀಗ್ ಹಂತದಲ್ಲಿ ಮೊದಲ ಸ್ಥಾನಕ್ಕೆ ಸಿಗುವುದು) ಗೆದ್ದ ತಂಡದ ವಿರುದ್ಧ. ಆ ಪಂದ್ಯದಲ್ಲಿ 2-0 ಮುಂದಿದ್ದ ನಾವು ಕೊನೆಗೆ ಪೆನಾಲ್ಟಿಯಲ್ಲಿ ಸೋತೆವು. ಬೇಸರದಲ್ಲಿ ಹುಡುಗನ ಆಟ ಎಷ್ಟೋ ಜನಕ್ಕೆ ಮರೆತೇಹೋಯಿತು. ಸೆಪ್ಟೆಂಬರ್ 14ರಂದು ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ನಮ್ಮ ಮೊದಲ ಲೀಗ್ ಪಂದ್ಯ. 1-0 ಗೆಲುವು. ಆ ಒಂದು ಗೋಲು ಅವರದೇ.

ಬರೆದ ಹಾಳೆಯನ್ನು ಎಸೆಯಬೇಡಿ. ಲೀಗ್‌ನ ಐದನೇ ಪಂದ್ಯ ಮುಗಿದ ಮೇಲೆ ಹೊರಗೆ ತೆಗೆದು, ನೀವು ತಪ್ಪಿದ ಹೆಸರುಗಳ ಪಕ್ಕ ಗುರುತು ಹಾಕಿ. ನನ್ನ ಹಾಳೆಗಳಲ್ಲಿ ಗುರುತು ಜಾಸ್ತಿ ಬಿದ್ದಿರುವುದು ಗೋಲ್‌ಕೀಪರ್‌ಗಳ ಪಕ್ಕ. ಅದಕ್ಕೇ ಈಗ ಕೀಪರ್ ಹೆಸರಿನ ಮುಂದೆ ಏನಾದರೂ ಬರೆಯುವ ಮೊದಲು ಮೂರು ಪಂದ್ಯ ಕಾಯುತ್ತೇನೆ.