ಕರೆಂಟು ಹೋಗಿ ಬಂದ ಮೇಲೆ ಈಥರ್ನೆಟ್ ಲಿಂಕ್ ಬರುತ್ತಿಲ್ವಾ? ಮೊದಲು ರಿಸೆಟ್ ಪಿನ್ ನೋಡಿ

ಮೂಡಿಗೆರೆ ಹತ್ತಿರದ ಕಾಫಿ ತೋಟದಲ್ಲಿ ಮಳೆ ಅಳೆಯಲು ಒಂದು ಬೋರ್ಡ್ ಇಟ್ಟಿದ್ದೇನೆ. ಮಳೆಗಾಲದಲ್ಲಿ ಅಲ್ಲಿ ಕರೆಂಟು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿ ಬರುತ್ತದೆ. ಹಾಗಾದಾಗಲೆಲ್ಲ ಲಿಂಕ್ ಲೈಟು ಆರಿಹೋಗುತ್ತಿತ್ತು. ನಿಮಗೂ ಹೀಗಾದರೆ ಸುಮ್ನೆ ಈಥರ್ನೆಟ್ ಚಿಪ್ ಬದಲಾಯಿಸಬೇಡಿ.

ಚಿಪ್ಪನ್ನು ಮೊದಲಿನಿಂದ ಶುರುಮಾಡಿಸುವ ರಿಸೆಟ್ ಪಿನ್ನಿಗೆ, ಕರೆಂಟು ಬಂದಾಗ ಅದರ ವೋಲ್ಟೇಜ್ ನಿಧಾನವಾಗಿ ಏರಲಿ ಅಂತ, 10 ಕಿಲೋಓಮ್ ರೆಸಿಸ್ಟರ್, 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ್ದೆ. ನನ್ನ ಬೋರ್ಡಿನ ಈಥರ್ನೆಟ್ ಚಿಪ್ ಲ್ಯಾನ್8720ಎ. ಅದಕ್ಕೆ ರಿಸೆಟ್ ಪಿನ್ನಿನ ವೋಲ್ಟೇಜ್ 100 ಮೈಕ್ರೋಸೆಕೆಂಡ್ ಹೊತ್ತು ಕೆಳಮಟ್ಟದಲ್ಲಿದ್ದರೆ ಸಾಕು, ಈ ಜೋಡಿ ಕೊಡುವ ಸಮಯ ಅದಕ್ಕಿಂತ ಎಷ್ಟೋ ಜಾಸ್ತಿ. ಆದರೆ ಕರೆಂಟು ಒಂದು ಕ್ಷಣ ಮಾತ್ರ ಹೋದರೆ ಕೆಪಾಸಿಟರ್ ಖಾಲಿಯಾಗುವುದೇ ಇಲ್ಲ. ಆಗ ರಿಸೆಟ್ ಆಗುವುದಾದರೂ ಹೇಗೆ, ಅಲ್ವಾ? ರೆಸಿಸ್ಟರಿನ ಎರಡು ತುದಿಗೆ ಒಂದು ಡಯೋಡ್ ಸೇರಿಸಿ. ಗೆರೆ ಇರುವ ಕಾಲು 3.3 ವೋಲ್ಟ್ ಕಡೆಗಿರಲಿ. ಸಪ್ಲೈ ಇಳಿದ ಕೂಡಲೇ ಕೆಪಾಸಿಟರಿನ ಚಾರ್ಜ್ ಅದರ ಮೂಲಕ ಹರಿದುಹೋಗುತ್ತದೆ.

ರಿಸೆಟ್ ಮುಗಿಯುವ ಹೊತ್ತಿಗೆ ಚಿಪ್ ಕೆಲವು ಪಿನ್ನುಗಳನ್ನು ಓದಿ ತನ್ನ ವಿಳಾಸ ತಿಳಿದುಕೊಳ್ಳುತ್ತದೆ. ಅಲ್ಲಿಯವರೆಗೆ ಮೈಕ್ರೋಕಂಟ್ರೋಲರ್ ಆ ಪಿನ್ನುಗಳನ್ನು ಎಳೆದಾಡಬಾರದು.

ವೋಲ್ಟೇಜ್ ವಿಷಯದಲ್ಲಿ ಹುಷಾರಾಗಿರಿ. ಈ ಚಿಪ್ಪಿನ ಐಓ ಸಪ್ಲೈ, ಅಂದರೆ ಸಿಗ್ನಲ್ ಪಿನ್ನುಗಳಿಗೆ ಕೊಡುವ ವೋಲ್ಟೇಜ್, 1.6ರಿಂದ 3.6 ವೋಲ್ಟ್. ಮೈಕ್ರೋಕಂಟ್ರೋಲರ್ 1.8 ವೋಲ್ಟಿನದಾದರೆ ಐಓ ಸಪ್ಲೈ ಪಿನ್ನಿಗೂ 1.8 ಕೊಡಿ. 5 ವೋಲ್ಟಿನ ಬೋರ್ಡನ್ನು ನೇರವಾಗಿ ಜೋಡಿಸಲೇಬೇಡಿ, ನಡುವೆ ಸಿಗ್ನಲ್ಲಿನ ವೋಲ್ಟೇಜ್ ಹೊಂದಿಸುವ ಲೆವೆಲ್ ಶಿಫ್ಟರ್ ಬೇಕು.